ಹಳೆ ಬಾಡಿಗೆದಾರರು, ಹೊಸ ಬೆಳಗಾವಿ: ‘ಮನಿ ಬಿಡ್ರಿ’ ಎಂದಾಗ ಹಿರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಶಹಾಪುರದ ವಾಡೆಗಳು, ಖಡೇಬಜಾರದ ಮಾಳಗಿ ಮನೆಗಳು, ಟಿಳಕವಾಡಿಯ ಹೆಂಚಿನ ಬಂಗಲೆಗಳ ಹಿತ್ತಲಿನ ಎರಡು ಖೋಲಿಗಳು. ಇಂಥಲ್ಲಿ ನೂರಿನ್ನೂರು ರೂಪಾಯಿ ಬಾಡಿಗೆಗೆ ಹೊಕ್ಕವರು ಈಗ ಎಪ್ಪತ್ತು ದಾಟಿದ್ದಾರೆ. ಬಾಡಿಗೆ ವಸೂಲಿಗೆ ಬರುತ್ತಿದ್ದ ಮಾಲಕರು ತೀರಿಕೊಂಡು, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. 2016ರ ಮೊದಲ ಪಟ್ಟಿಯಲ್ಲೇ ಊರು ಸ್ಮಾರ್ಟ್ ಸಿಟಿಯಾಯಿತು, ರಸ್ತೆ ಅಗಲವಾಯಿತು, ಮಣ್ಣಿನ ಗೋಡೆಯ ಕೆಳಗಿನ ಜಾಗಕ್ಕೆ ಬೆಲೆ ಬಂತು. ಆಮೇಲೆ ಒಂದು ಸಂಜೆ ಯಾರೋ ಬಂದು ‘ಮನಿ ಬಿಡ್ರಿ’ ಅನ್ನುತ್ತಾರೆ. ಆಗ ಫೋನಿನಲ್ಲಿ, ಪತ್ರದಲ್ಲಿ, ಕೋರ್ಟಿನ ಪಡಸಾಲೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ತಿಳಿಯಬೇಕಾದ್ದು

ನಲವತ್ತು ವರ್ಷದಿಂದ ಇಲ್ಲೇ ಅದೀವ್ರಿ. ಹನ್ನೆರಡು ವರ್ಷ ಆದ್ರ ಮನಿ ನಮ್ದ ಆಗತೈತಿ ಅಂತಾರಲ್ಲ?

ಆಗುವುದಿಲ್ಲ. ಹನ್ನೆರಡು ವರ್ಷದ ಲೆಕ್ಕ ಇರುವುದು ಮಾಲಕನ ಹಕ್ಕನ್ನು ಧಿಕ್ಕರಿಸಿ, ಎಲ್ಲರಿಗೂ ಕಾಣುವಂತೆ ಜಾಗ ಹಿಡಿದು ಕೂತವರಿಗೆ. ಬಾಡಿಗೆ ಕೊಟ್ಟು ಒಳಗೆ ಬಂದವರು ಅದೇ ಮಾಲಕನ ಹಕ್ಕನ್ನು ಒಪ್ಪಿಕೊಂಡೇ ಬಂದವರು. ಬಾಡಿಗೆದಾರನಾಗಿ ಇರುವಷ್ಟು ಕಾಲ ‘ಇದು ನಿನ್ನದಲ್ಲ’ ಎಂದು ಅವರು ವಾದಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಈ ಮಾತು ಓಣಿಯಲ್ಲಿ ಹರಡಿದಷ್ಟು ಬೇರೆ ಯಾವುದೂ ಹರಡಿಲ್ಲ, ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ. ಇದನ್ನು ನಂಬಿ ಬಾಡಿಗೆ ನಿಲ್ಲಿಸಿದವರು ತಾವೇ ಮಾಲಕನ ಕೈಗೆ ‘ಬಾಕಿದಾರ’ ಎಂಬ ಕಾರಣ ಕೊಟ್ಟಂತಾಗುತ್ತದೆ. ಬಾಡಿಗೆದಾರರ ಬಲ ಬೇರೆ ಕಡೆ ಇದೆ: ಕೋರ್ಟಿನ ಆದೇಶವಿಲ್ಲದೆ ನಿಮ್ಮನ್ನು ಹೊರಗೆ ಹಾಕುವಂತಿಲ್ಲ.

ಮಾಲಕ ಬಾಯಿಲೆ ‘ಮುಂದಿನ ತಿಂಗಳ ಖಾಲಿ ಮಾಡ್ರಿ’ ಅಂದಾನ. ಮಾಡಬೇಕೇನು?

ಬಾಯಿಮಾತಿಗೆ ಮನೆ ಬಿಡಬೇಕಿಲ್ಲ. ದಾರಿ ಹೀಗಿದೆ: ಲಿಖಿತ ನೋಟಿಸು, ಅದರ ಗಡುವು, ಆಮೇಲೆ ಕೋರ್ಟಿನಲ್ಲಿ ದಾವೆ, ನಿಮ್ಮ ಉತ್ತರ, ಸಾಕ್ಷಿ, ತೀರ್ಪು, ಅದರ ಜಾರಿಗೆ ಇನ್ನೊಂದು ಅರ್ಜಿ. ಕೊನೆಗೆ ಬಾಗಿಲಿಗೆ ಬರುವವನು ಕೋರ್ಟಿನ ಬೇಲಿಫ್, ಅವನ ಕೈಯಲ್ಲಿ ವಾರಂಟು ಇರುತ್ತದೆ. ಬಿಲ್ಡರನ ಮನುಷ್ಯ, ಓಣಿಯ ಪುಢಾರಿ, ಪೊಲೀಸ್ ಪೇದೆ, ಯಾರಿಗೂ ಈ ಅಧಿಕಾರ ಇಲ್ಲ. ಶಾಂತವಾಗಿ ನೆಲೆಸಿರುವವರನ್ನು, ಅವರ ಹಕ್ಕು ಮುಗಿದಿದ್ದರೂ, ಕಾನೂನಿನ ಮೂಲಕವೇ ಎಬ್ಬಿಸಬೇಕು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 2004ರಲ್ಲಿ ವರದಿಯಾದ ರಾಮೇಗೌಡ ಪ್ರಕರಣ ನಮ್ಮ ರಾಜ್ಯದ್ದೇ.

ಹಾಗೆಂದು ಜಗಳಕ್ಕೆ ನಿಲ್ಲಬೇಡಿ. ‘ಬರೆದು ಕೊಡ್ರಿ, ಮಕ್ಕಳ ಕೂಡ ಮಾತಾಡಿ ಹೇಳ್ತೀವಿ’ ಎಂದರೆ ಸಾಕು. ‘ಆಗ್ಲಿ, ದೀಪಾವಳಿಗೆ ಬಿಡ್ತೀವಿ’ ಎಂದು ಬಾಯಿತಪ್ಪಿಯೂ ಹೇಳಬೇಡಿ. ಎದುರಿಗಿನವನ ಅಂಗಿ ಜೇಬಿನಲ್ಲಿ ಫೋನು ರೆಕಾರ್ಡ್ ಆಗುತ್ತಿರಬಹುದು.

ನಮ್ಮ ಕಡೆ ಕರಾರು ಪತ್ರ ಇಲ್ಲ, ರಸೀದಿನೂ ಇಲ್ಲ. ಬಾಡಿಗಿದಾರರು ಅಂತ ಹ್ಯಾಂಗ ತೋರಸೂದು?

ಹಳೆಯ ಬಾಡಿಗೆಗಳಲ್ಲಿ ಹೆಚ್ಚಿನವು ಬಾಯಿಮಾತಿನವೇ. ತೊಂದರೆ ಎಲ್ಲಿ ಬರುತ್ತದೆ ಎಂದರೆ, ಮಾಲಕನ ಕಡೆಯವರು ‘ಇವರು ಬಾಡಿಗೆದಾರರೇ ಅಲ್ಲ, ನಮ್ಮಪ್ಪ ಕನಿಕರದಿಂದ ಇಟ್ಟುಕೊಂಡಿದ್ದ’ ಎನ್ನುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆಯ 43ನೇ ಕಲಮಿನ ಪ್ರಕಾರ ಬರವಣಿಗೆಯ ಕರಾರು ಅಥವಾ ಮಾಲಕ ಸಹಿ ಮಾಡಿದ ರಸೀದಿ ಇದ್ದರೆ ಮೇಲ್ನೋಟಕ್ಕೆ ಸಂಬಂಧ ಒಪ್ಪಿತ. ಎರಡೂ ಇಲ್ಲದೆ ಬರೀ ಬಾಯಿಮಾತಾದರೆ ಆ ಪ್ರಕರಣ ಅಲ್ಲೇ ನಿಂತು, ಪಕ್ಷಗಾರರು ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಇವತ್ತೇ ಒಂದು ಕಡತ ಮಾಡಿ.

ಏನೇನು ಸೇರಿಸಬೇಕು? ಟ್ರಂಕಿನ ತಳದಲ್ಲಿರುವ ಹಳೆ ಕೈಬರಹದ ಚೀಟಿಗಳು. ಅದೇ ವಿಳಾಸದ ರೇಷನ್ ಕಾರ್ಡು. ಮತದಾರರ ಪಟ್ಟಿಯ ಪುಟ, ಹಳೆಯ ವರ್ಷಗಳದು ಸಿಕ್ಕರೆ ಇನ್ನೂ ಒಳ್ಳೆಯದು. ಮಕ್ಕಳ ಶಾಲೆ ಬಿಟ್ಟ ದಾಖಲೆ, ಗ್ಯಾಸ್ ಪುಸ್ತಕ, ಎಲ್ಐಸಿ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಹೆಸ್ಕಾಂ ಬಿಲ್ಲು ಮಾಲಕನ ಹೆಸರಿನಲ್ಲೇ ಇರಬಹುದು, ಆದರೆ ಕಟ್ಟಿದ ರಸೀದಿ ನಿಮ್ಮ ಹತ್ತಿರ ಇದ್ದರೆ ಅದೂ ಪುರಾವೆ. 2023ರಿಂದ ಹೊಸದೊಂದು ಸೇರಿದೆ: ಗೃಹಜ್ಯೋತಿಗೆ ನಿಮ್ಮ ಆಧಾರ್ ಅನ್ನು ಆ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರಿಗೆ, ಜೋಡಿಸಿದ್ದರೆ, ಆ ಮನೆಯಲ್ಲಿ ಉಳಿದವರು ನೀವೇ ಎಂಬುದಕ್ಕೆ ಸರಕಾರದ ಕಂಪ್ಯೂಟರಿನಲ್ಲೇ ಗುರುತಿದೆ. ನೋಂದಣಿಯ ಪ್ರಿಂಟು ತೆಗೆದಿಡಿ.

ಇವೆಲ್ಲ ನೀವು ಅಲ್ಲಿ ಇದ್ದೀರಿ ಎಂದು ತೋರಿಸುತ್ತವೆ. ಬಾಡಿಗೆ ಕೊಟ್ಟಿದ್ದೀರಿ ಎಂದು ತೋರಿಸಲು ಹಣದ ಜಾಡು ಬೇಕು. ಮುಂದಿನ ತಿಂಗಳಿಂದಲೇ ಕೈಯಲ್ಲಿ ನಗದು ಕೊಡುವುದನ್ನು ಬಿಟ್ಟು ಬ್ಯಾಂಕಿನಿಂದ ಕಳಿಸಿ, ವಿವರದಲ್ಲಿ ‘ಬಾಡಿಗೆ’ ಎಂದು ತಿಂಗಳ ಹೆಸರು ಹಾಕಿ. ಕಡತದ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ಬೇರೆ ಮನೆಯಲ್ಲಿಡಿ. ಅಸಲು ಕಾಗದಗಳನ್ನು ‘ನೋಡಿ ಕೊಡ್ತೀವಿ’ ಎಂದವರ ಕೈಗೆ ಕೊಡಬೇಡಿ.

ಬಾಡಿಗಿ ಕೊಡಾಕ ಹೋದ್ರ ಮಾಲಕ ತಗೊಳ್ಳಾಕ ಒಲ್ಲೆ ಅಂತಾನ. ಬಿಟ್ಟಬಿಡೂದೇನು?

ಬಿಡಬೇಡಿ, ಇದು ಹಳೆಯ ಪಟ್ಟು. ನಾಲ್ಕು ತಿಂಗಳು ತೆಗೆದುಕೊಳ್ಳದೆ ಸುಮ್ಮನಿದ್ದು, ಐದನೆಯ ತಿಂಗಳು ‘ಬಾಡಿಗೆ ಬಾಕಿ’ ಎಂದು ನೋಟಿಸು ಬರುತ್ತದೆ.

ಸಣ್ಣ ಬಾಡಿಗೆಗೆ ಅಂಚೆಯ ಮನಿಯಾರ್ಡರು ಇವತ್ತಿಗೂ ಒಳ್ಳೆಯ ಸಾಧನ. ಒಂದು ಸಲಕ್ಕೆ ₹5,000ದವರೆಗೆ ಕಳಿಸಬಹುದು, 100ಕ್ಕೆ 5 ರೂಪಾಯಿ ಕಮಿಷನ್. ಸಂದೇಶದ ಜಾಗದಲ್ಲಿ ಯಾವ ತಿಂಗಳ ಬಾಡಿಗೆ ಎಂದು ಬರೆಸಿ. ಮಾಲಕ ತಿರಸ್ಕರಿಸಿದರೆ ಹಣ ನಿಮಗೆ ಹಿಂದಿರುಗುತ್ತದೆ. ತಿರಸ್ಕರಿಸಿದ ಷರಾ ಇರುವ ಆ ಚೀಟಿಗೆ ಕೋರ್ಟಿನಲ್ಲಿ ಹಣಕ್ಕಿಂತ ಹೆಚ್ಚು ಬೆಲೆ. ಎರಡು ಸಲ ಹೀಗಾದ ಮೇಲೆ ಒಂದು ಪತ್ರ ಬರೆದು ‘ನಿಮ್ಮ ಬ್ಯಾಂಕ್ ಖಾತೆ ನಂಬರು ತಿಳಿಸಿ’ ಎಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಕೌಂಟರಿನಲ್ಲಿ ಮುಟ್ಟಿದ್ದಕ್ಕೆ ಪುರಾವೆ ಬೇಕೆಂದು ಕೇಳಿ ತೆಗೆದುಕೊಳ್ಳಿ. ತಿರಸ್ಕೃತವಾದ ಹಣವನ್ನು ಖರ್ಚು ಮಾಡದೆ ಬೇರೆ ಖಾತೆಯಲ್ಲಿ ಕೂಡಿಡಿ. ಕೋರ್ಟು ‘ಬಾಕಿ ಕಟ್ಟಿ, ಆಮೇಲೆ ಮಾತಾಡಿ’ ಎನ್ನುವ ದಿನ ಬಂದೇ ಬರುತ್ತದೆ. ಎಷ್ಟೇ ಹಳೆಯ ಬಾಕಿ ಇದೆ ಎಂದು ಮಾಲಕ ಹೇಳಿದರೂ, ಸಾಮಾನ್ಯವಾಗಿ ಹಿಂದಿನ 3 ವರ್ಷದ್ದನ್ನು ಮಾತ್ರ ದಾವೆ ಹಾಕಿ ವಸೂಲು ಮಾಡಬಹುದು.

ಮನಿ ಮಾರ್ಯಾರಂತ. ನಾವು ಕರಾರು ಮಾಡಿದ್ದು ಹಳೆ ಮಾಲಕನ ಕೂಡ, ಹೊಸಬನಿಗೆ ನಮ್ಮ ಮ್ಯಾಲ ಏನ ಹಕ್ಕ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಹೊಸ ಖರೀದಿದಾರ ಹಳೆ ಮಾಲಕನ ಜಾಗದಲ್ಲಿ ನಿಲ್ಲುತ್ತಾನೆ. ಮನೆ ಮಾರಿದ ಮಾತ್ರಕ್ಕೆ ನಿಮ್ಮ ಬಾಡಿಗೆ ಸಂಬಂಧ ಮುರಿಯುವುದಿಲ್ಲ. ಆದರೆ ಬಾಡಿಗೆ ಕೇಳುವ, ನೋಟಿಸು ಕೊಡುವ ಹಕ್ಕೂ ಅವನದೇ ಆಗುತ್ತದೆ.

‘ನಾನೇ ತಗೊಂಡೀನಿ’ ಎಂದು ಬಂದವನಿಗೆ ಕೂಡಲೇ ಬಾಡಿಗೆ ಕೊಡಬೇಡಿ. ಖರೀದಿಪತ್ರದ ನಕಲು ಕೇಳಿ. ನಮ್ಮ ಭಾಗದಲ್ಲಿ ಹಳೆ ಊರಿನ ಆಸ್ತಿಗಳಿಗೆ ಸಿಟಿ ಸರ್ವೇಯ ಸಿಟಿಎಸ್ ನಂಬರು ಇರುತ್ತದೆ. ಆ ನಂಬರು ಹೇಳಿ ಸಿಟಿ ಸರ್ವೇ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡಿನ ಉತಾರ ತೆಗೆಸಿದರೆ ಹೆಸರು ಯಾರದಿದೆ ಎಂದು ತಿಳಿಯುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆದರೆ ಮಾರಾಟ ನಿಜವಾಗಿ ನೋಂದಣಿಯಾಗಿದೆಯೋ, ಬರೀ ಮುಂಗಡ ಕರಾರಿನ ಹಂತದಲ್ಲಿದೆಯೋ ಗೊತ್ತಾಗುತ್ತದೆ. ಮುಂಗಡ ಕೊಟ್ಟವನು ಇನ್ನೂ ಮಾಲಕನಲ್ಲ. ಅಣ್ಣತಮ್ಮಂದಿರ ಪಾಲು ಆಗದ ಮನೆಯಲ್ಲಿ ಒಬ್ಬನೇ ಮಾರಿರುವುದೂ ಉಂಟು. ಆಗ ಇಬ್ಬರೂ ಬಾಡಿಗೆ ಕೇಳುತ್ತಾರೆ. ಇಬ್ಬರಿಗೂ ಪತ್ರ ಬರೆದು, ಯಾರಿಗೆ ಕೊಡಬೇಕೆಂದು ಲಿಖಿತವಾಗಿ ತಿಳಿಸಲು ಕೇಳಿ, ಹಣ ತೆಗೆದಿಡಿ.

## ನೋಟಿಸು, ಒತ್ತಾಯ, ಕಿರುಕುಳ

ವಕೀಲರ ನೋಟಿಸ್ ಬಂದೈತಿ. ತಗೋಬೇಕೋ, ವಾಪಸ್ ಕಳಸಬೇಕೋ?

ತೆಗೆದುಕೊಳ್ಳಿ. ‘ಸಹಿ ಮಾಡಿದ್ರ ಒಪ್ಪಿದಂಗ’ ಎಂಬ ಹೆದರಿಕೆಯಿಂದ ಹಿರಿಯರು ಪೋಸ್ಟಮನ್‌ನನ್ನು ಹಿಂದೆ ಕಳಿಸುತ್ತಾರೆ. ತಿರಸ್ಕರಿಸಿದ ನೋಟಿಸನ್ನು ಕಾನೂನು ಮುಟ್ಟಿದ ಲೆಕ್ಕಕ್ಕೇ ಹಿಡಿಯುತ್ತದೆ. ಅದರೊಳಗೆ ಏನಿದೆ ಎಂದು ತಿಳಿಯದೆ ಉಳಿದವರು ನೀವೊಬ್ಬರೇ.

ಲಕೋಟೆ ಒಗೆಯಬೇಡಿ, ಮೇಲಿನ ಮುದ್ರೆಯ ತಾರೀಖು ಬೇಕಾಗುತ್ತದೆ. ತಿಂಗಳ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನದ ನೋಟಿಸು ಸಾಕು. ಮೊದಲು ತಿಂಗಳ ಕೊನೆಗೇ ಗಡುವು ಮುಗಿಯಬೇಕಿತ್ತು. ಅದರಲ್ಲಿ ಒಂದು ದಿನ ತಪ್ಪಿದರೂ ದಾವೆ ಬೀಳುತ್ತಿತ್ತು. 2002ರ ಕೊನೆಯಲ್ಲಿ ಜಾರಿಯಾದ ತಿದ್ದುಪಡಿ ಆ ದಾರಿ ಮುಚ್ಚಿತು. ಹಾಗಾಗಿ ಹಳೆಯ ತಂತ್ರದ ಮೇಲೆ ನಿಲ್ಲಬೇಡಿ. 15 ದಿನದೊಳಗೆ ವಕೀಲರಿಂದ ಉತ್ತರ ಕಳಿಸಿ. ಉತ್ತರದಲ್ಲಿ ನಾಲ್ಕು ಸಂಗತಿ ಸ್ಪಷ್ಟವಾಗಿ ಇರಲಿ: ಯಾವ ವರ್ಷದಿಂದ ಇದ್ದೀರಿ, ಬಾಡಿಗೆ ಎಷ್ಟು, ಎಲ್ಲಿಯವರೆಗೆ ಕೊಟ್ಟಿದ್ದೀರಿ, ಡಿಪಾಜಿಟ್ ಎಷ್ಟು. ನೋಟಿಸಿನಲ್ಲಿ ಬಾಕಿ ಕೇಳಿದ್ದರೆ ಉತ್ತರದ ಜೊತೆಗೇ ಹಣ ಕಳಿಸಿ. ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಯಾದರೆ ಬೇಡಿಕೆ ನೋಟಿಸು ಮುಟ್ಟಿದ 2 ತಿಂಗಳಲ್ಲಿ ಪೂರ್ತಿ ಬಾಕಿ ಕಟ್ಟಿದವರನ್ನು ಆ ಕಾರಣಕ್ಕೆ ಎಬ್ಬಿಸಲು ಬರುವುದಿಲ್ಲ. ಅರ್ಧ ಕಟ್ಟಿದರೆ ಕಟ್ಟದಂತೆಯೇ.

ನಳ ಬಂದ್ ಮಾಡ್ಯಾರ, ಲೈಟ್ ಕಟ್ ಮಾಡ್ಯಾರ. ಒಂದಿನ ಹೊರಗ ಹೋಗಿ ಬರೂದ್ರಾಗ ಕೀಲಿನೂ ಹಾಕಿದ್ರ ಏನ ಮಾಡೂದು?

ಕರೆಂಟಿಗೆ ಮೊದಲು 1912ಕ್ಕೆ ದೂರು ಕೊಟ್ಟು ನಂಬರು ಬರೆದುಕೊಳ್ಳಿ. ಹೆಸ್ಕಾಂ ಕಡಿತ ಮಾಡಿದ್ದೋ, ಮೀಟರ್ ಬೋರ್ಡಿನ ಫ್ಯೂಜು ಯಾರೋ ಕಿತ್ತದ್ದೋ ತಿಳಿಯಬೇಕು. ಮಾಲಕನ ಅರ್ಜಿಯ ಮೇಲೆ ಮೀಟರೇ ಹೋಗಿದ್ದರೆ ನಿಮ್ಮ ಹೆಸರಿನಲ್ಲಿ ಹೊಸ ಸಂಪರ್ಕ ಕೇಳಬಹುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಕಲಮು ಮಾಲಕನಿಗಷ್ಟೇ ಅಲ್ಲ, ವಾಸ ಇರುವವರಿಗೂ ಸಂಪರ್ಕ ಕೊಡಬೇಕು ಎನ್ನುತ್ತದೆ. ಮಾಲಕನ ಒಪ್ಪಿಗೆ ಪತ್ರ ಇಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಕೀಲಿ ಹಾಕಿದರೆ ಆ ಗಳಿಗೆಯೇ 112ಕ್ಕೆ ಕರೆ ಮಾಡಿ. ನೀವೇ ಕೀಲಿ ಒಡೆಯಲು ಹೋದರೆ ಪ್ರಕರಣ ತಿರುಗಿ ನಿಮ್ಮ ಮೇಲೆ ಬೀಳಬಹುದು. ಫೋಟೋ, ವಿಡಿಯೋ, ನೋಡಿದ ನೆರೆಯವರ ಹೆಸರು ಬರೆದಿಡಿ. ಬಿಪಿ, ಸಕ್ಕರೆ ಗುಳಿಗೆ, ಇನ್ಸುಲಿನ್ ಒಳಗಿದ್ದರೆ ದೂರಿನಲ್ಲಿ ಅದನ್ನೇ ಮೊದಲು ಬರೆಯಿರಿ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎಂಬ ಉತ್ತರ ಹೆಚ್ಚುಕಡಿಮೆ ಖಾತ್ರಿ. ಮನೆ ಯಾರದು ಎಂಬುದು ಸಿವಿಲ್ ಹೌದು, ಅಡ್ಡಗಟ್ಟುವುದು, ಬೆದರಿಸುವುದು ಸಿವಿಲ್ ಅಲ್ಲ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಅದೇ ದೂರನ್ನು ಪೊಲೀಸ್ ಕಮಿಷನರಿಗೆ ಅಂಚೆಯಲ್ಲಿ ಕಳಿಸಿ.

ಕೋರ್ಟಿನಲ್ಲಿ ಎರಡು ದಾರಿ. ಇನ್ನೂ ಒಳಗಿದ್ದು ಹೆದರಿಕೆ ಇದ್ದರೆ ತಡೆಯಾಜ್ಞೆ ದಾವೆ. ಹೊರಗೆ ಹಾಕಿಬಿಟ್ಟಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು. ಅಲ್ಲಿ ಮನೆ ಯಾರದೆಂಬ ಪ್ರಶ್ನೆ ಇಲ್ಲ. ನೀವು ಒಳಗಿದ್ದಿರಿ, ಕಾನೂನು ಬಿಟ್ಟು ಹೊರಗೆ ಹಾಕಿದರು ಎಂದು ತೋರಿಸಿದರೆ ಸಾಕು. ಆದರೆ 6 ತಿಂಗಳೊಳಗೆ ದಾವೆ ಹಾಕಬೇಕು. ಮಗಳ ಮನೆಯಲ್ಲಿ ‘ನೋಡೋಣ, ಹಿರಿಯರು ಕೂಡಿಸಿ ಬಗೆಹರಿಸ್ತಾರ’ ಎಂದು ಏಳು ತಿಂಗಳು ಕೂತವರಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಪಾಲಿಕೆಯವರು ‘ಮನಿ ಶಿಥಿಲ ಆಗೇತಿ, ಖಾಲಿ ಮಾಡ್ರಿ’ ಅಂತ ಗ್ವಾಡಿಗೆ ನೋಟಿಸ್ ಹಚ್ಯಾರ. ಇದು ಮಾಲಕನ ಆಟ ಇರಬಹುದೇನು?

ಇರಬಹುದು, ನಿಜವೂ ಇರಬಹುದು. ಬೆಳಗಾವಿಯ ಮಳೆ ಮಣ್ಣಿನ ಗೋಡೆಗೆ ದಯೆ ತೋರಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಬಿದ್ದ ಮನೆಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಹತ್ತು ಹೆಂಚು ಒಡೆದದ್ದನ್ನು ಮಾಲಕ ನಾಲ್ಕು ಮಳೆಗಾಲ ಹಾಗೇ ಬಿಟ್ಟರೆ ನೀರು ಗೋಡೆಯ ತಲೆಗೆ ಇಳಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಐದನೆಯ ವರ್ಷ ಮನೆ ನಿಜವಾಗಿಯೂ ಅಪಾಯಕಾರಿ. ಆಟ ಇರುವುದು ಆ ನಾಲ್ಕು ವರ್ಷಗಳಲ್ಲಿ.

ಹಾಗಾಗಿ ಹೆಂಚು ಒಡೆದ ದಿನವೇ ದುರಸ್ತಿ ಕೇಳಿ ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಸಣ್ಣ ದುರಸ್ತಿಯನ್ನು ಮಳೆಗಾಲಕ್ಕೆ ಮುಂಚೆ ನೀವೇ ಮಾಡಿಸಿ ರಸೀದಿ, ಫೋಟೋ ಇಟ್ಟುಕೊಳ್ಳಿ. ಗೋಡೆ ಕೆಡವುವುದು, ಹೊಸ ಖೋಲಿ ಎತ್ತುವುದು ಮಾತ್ರ ಬೇಡ, ಅದು ನಿಮ್ಮ ವಿರುದ್ಧವೇ ಕಾರಣವಾಗುತ್ತದೆ.

ಪಾಲಿಕೆಯ ನೋಟಿಸಿನಲ್ಲಿ ಎಷ್ಟು ದಿನ ಎಂದಿದೆ ನೋಡಿ, ಆ ದಿನದೊಳಗೆ ಆಯುಕ್ತರಿಗೆ ಲಿಖಿತ ಉತ್ತರ ಕೊಡಿ. ಪದವಿ ಪಡೆದ ಸ್ಟ್ರಕ್ಚರಲ್ ಎಂಜಿನಿಯರಿಂದ ವರದಿ ಮಾಡಿಸಿ. ಯಾವ ಗೋಡೆ, ಬಿರುಕು ಎಷ್ಟು ಅಗಲ, ತೊಲೆಗೆ ಆಸರೆ ಕೊಟ್ಟರೆ ನಿಲ್ಲುತ್ತದೆಯೇ, ದುರಸ್ತಿಗೆ ಎಷ್ಟು ಖರ್ಚು ಎಂಬುದು ಅದರಲ್ಲಿರಬೇಕು. ದುರಸ್ತಿಯಿಂದ ಉಳಿಯುವ ಕಟ್ಟಡ ಕೆಡವಬೇಡಿ ಎಂಬುದೇ ನಿಮ್ಮ ಬೇಡಿಕೆ.

ಎಂಜಿನಿಯರೇ ‘ಇರಬೇಡಿ’ ಎಂದರೆ ಇರಬೇಡಿ. ಬಾಡಿಗೆ ಹಕ್ಕಿಗಾಗಿ ತೊಲೆಯ ಕೆಳಗೆ ಮಲಗುವುದು ಬೇಡ. ಹೊರಡುವ ಮುಂಚೆ ಖೋಲಿಗಳ ಅಳತೆ, ವಿಡಿಯೋ ತೆಗೆದು, ‘ಜೀವಭಯದಿಂದ ತಾತ್ಕಾಲಿಕವಾಗಿ ಹೋಗುತ್ತಿದ್ದೇವೆ, ಬಾಡಿಗೆ ಹಕ್ಕು ಬಿಟ್ಟಿಲ್ಲ’ ಎಂದು ಮಾಲಕನಿಗೂ ಪಾಲಿಕೆಗೂ ಪತ್ರ ಕಳಿಸಿ. ಕೀಲಿ ನಿಮ್ಮ ಬಳಿಯೇ ಇರಲಿ. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ, ನೆಲವೂ ಬಾಡಿಗೆಯ ಭಾಗವೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ನಮ್ಮ ಪಕ್ಕದ ಸಾಂಗಲಿ-ಮಿರಜ ಕಡೆಯ ಪ್ರಕರಣದಲ್ಲೇ ಹೇಳಿದೆ.

₹300 ಇದ್ದ ಬಾಡಿಗಿ ಒಮ್ಮೆಲೇ ₹8,000 ಮಾಡ್ತೀನಿ ಅಂತಾನ. ಮಾಡಾಕ ಬರತೈತೇನು?

ಒಬ್ಬನೇ ಕೂತು ಏರಿಸಲು ಬರುವುದಿಲ್ಲ, ಇಬ್ಬರೂ ಒಪ್ಪಬೇಕು. ಆದರೆ ₹300 ಎಂಬುದು ಇವತ್ತಿನ ಬೆಳಗಾವಿಯಲ್ಲಿ ಯಾವ ನ್ಯಾಯಾಧೀಶರಿಗೂ ನ್ಯಾಯ ಅನ್ನಿಸುವುದಿಲ್ಲ ಎಂಬುದನ್ನೂ ತಿಳಿದಿರಿ. ದಾವೆ ಸೋತರೆ ನೋಟಿಸಿನ ಗಡುವು ಮುಗಿದ ದಿನದಿಂದ ಪೇಟೆ ದರದಲ್ಲಿ ನಷ್ಟಭರ್ತಿ ಕಟ್ಟಬೇಕಾಗಬಹುದು. ನಿಮ್ಮಿಂದ ಆಗುವ ಮೊತ್ತಕ್ಕೆ ನೀವೇ ಮುಂದಾಗಿ, ಬರವಣಿಗೆಯಲ್ಲಿ, ಏರಿಕೆ ಸೂಚಿಸುವುದು ಜಾಣತನ. ತಕರಾರಿಲ್ಲದ ಮನುಷ್ಯ ಎಂಬ ಹೆಸರು ಕಡತದಲ್ಲಿ ಉಳಿಯುತ್ತದೆ.

ಹನ್ನೊಂದು ತಿಂಗಳ ಕರಾರು ತಂದಾರ, ‘ಬರೀ ಫಾರ್ಮಾಲಿಟಿ, ಸಹಿ ಮಾಡ್ರಿ’ ಅಂತಾರ.

ಮಾಡಬೇಡಿ. ನಲವತ್ತು ವರ್ಷದ ಬಾಡಿಗೆ ಆ ಸಹಿಯಿಂದ ಹನ್ನೊಂದು ತಿಂಗಳದಾಗುತ್ತದೆ. ಖಾಲಿ ಸ್ಟಾಂಪ್ ಪೇಪರು, ಓದಲು ಬಾರದ ಭಾಷೆಯ ಕಾಗದ, ‘ವಾಚಮನ್ ಆಗಿ ಇದ್ದೇನೆ’ ಎಂಬ ಒಕ್ಕಣೆ, ಯಾವುದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

## ಕೋರ್ಟಿನ ಮೆಟ್ಟಿಲು

ಬಾಡಿಗಿ ಕಾಯ್ದೆ ಅಂತ ಒಂದೈತಲ್ಲ, ಅದು ನಮ್ಮನ್ನ ಕಾಯೂದಿಲ್ಲೇನು?

ಕೆಲವರನ್ನು ಕಾಯುತ್ತದೆ. 1961ರ ಹಳೆ ಕಾಯ್ದೆ ಹೋಗಿ, ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಕಾಯ್ದೆಯೊಳಗೆ ಬರುವ ಮನೆಯಾದರೆ, 27ನೇ ಕಲಮಿನಲ್ಲಿ ಪಟ್ಟಿ ಮಾಡಿದ ಕಾರಣ ಇದ್ದರೆ ಮಾತ್ರ ಎಬ್ಬಿಸಬಹುದು: ಬಾಕಿ, ಒಳಬಾಡಿಗೆ, ದುರ್ಬಳಕೆ, ಮಾಲಕನ ಸ್ವಂತ ಅಗತ್ಯ ಇತ್ಯಾದಿ. ಹೊರಗೆ ಉಳಿದ ಮನೆಗೆ 15 ದಿನದ ನೋಟಿಸೇ ಕಾರಣ, ಬೇರೆ ಕಾರಣ ಬೇಕಿಲ್ಲ.

ಒಳಗೋ ಹೊರಗೋ ಎಂಬುದು ಊರಿನ ವರ್ಗ ನೋಡಿ ತಿಂಗಳಿಗೆ ₹3,500 ಅಥವಾ ₹2,000 ಎಂಬ ಮಿತಿಯ ಮೇಲೆ ನಿಂತಿದೆ. ಇಲ್ಲೊಂದು ಗುಂಡಿ ಇದೆ. ಲೆಕ್ಕಕ್ಕೆ ಬರುವುದು ನೀವು ಕೊಡುವ ₹300 ಅಲ್ಲ, ಕಾಯ್ದೆಯ ಅನುಸೂಚಿಯಂತೆ ಏರಿಸಿ ಕಟ್ಟುವ ‘ಭಾವಿತ ಬಾಡಿಗೆ’. ಮನೆಯ ಮುಂಭಾಗದಲ್ಲಿ ಅಂಗಡಿ ಇದ್ದರೆ ಇನ್ನೊಂದು ತೊಡಕು: 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡ ವ್ಯಾಪಾರದ ಜಾಗ ಕಾಯ್ದೆಯ ಹೊರಗೆ. ಈ ಲೆಕ್ಕವನ್ನು ವಕೀಲರ ಹತ್ತಿರ ಕೂತು ಮೊದಲೇ ಮಾಡಿಸಿ. ಕಾಯ್ದೆಯಡಿ ಹೋರಾಡಬೇಕೆಂದರೆ 45ನೇ ಕಲಮಿನಂತೆ ಬಾಕಿ ಪೂರ್ತಿ ಕಟ್ಟಿ, ಪ್ರಕರಣ ಮುಗಿಯುವ ತನಕ ತಿಂಗಳು ತಪ್ಪದೆ ಕಟ್ಟುತ್ತಿರಬೇಕು. ತಪ್ಪಿದರೆ ನಿಮ್ಮ ವಾದವನ್ನೇ ಕೇಳುವುದಿಲ್ಲ.

ನನಗ 78 ವರ್ಷ, ಮನಿಯವರಿಗೆ 82. ವಯಸ್ಸು ನೋಡಿ ಕೋರ್ಟ್ ಬಿಡೂದಿಲ್ಲೇನು?

ಕಹಿಯಾದರೂ ಹೇಳಬೇಕು: ಬಾಡಿಗೆ ಕಾಯ್ದೆಯಲ್ಲಿ ವಯಸ್ಸು ಮಾಲಕನಿಗೆ ಅನುಕೂಲ. ವಿಧವೆ, ಅಂಗವಿಕಲ, 65 ದಾಟಿದ ಮಾಲಕರು ತಮ್ಮ ವಾಸಕ್ಕೆ ಬೇಗ ಮನೆ ಪಡೆಯಲು 31ನೇ ಕಲಮು ದಾರಿ ಮಾಡಿದೆ. 65 ದಾಟಿದ ಬಾಡಿಗೆದಾರರಿಗೆ ಅಂಥ ಕಲಮಿಲ್ಲ. 1961ರ ಕಾಯ್ದೆಯಲ್ಲಿ ಯಾರಿಗೆ ಹೆಚ್ಚು ಕಷ್ಟ ಎಂದು ತೂಗುವ ಅವಕಾಶ ಇತ್ತು, ಹಳೆ ವಕೀಲರು ಇನ್ನೂ ಅದನ್ನು ನೆನೆಯುತ್ತಾರೆ. ಈಗ ಅದರ ಮೇಲೆ ಭರವಸೆ ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಯ ಹೆಸರನ್ನೂ ಹಲವರು ಹೇಳುತ್ತಾರೆ. ಅದು ಮಕ್ಕಳು, ಸಂಬಂಧಿಕರ ವಿರುದ್ಧ ಜೀವನಾಂಶ ಕೇಳಲು. ಮಾಲಕನ ವಿರುದ್ಧ ಅಲ್ಲ.

ವಯಸ್ಸು ನಿಜವಾಗಿ ಕೆಲಸಕ್ಕೆ ಬರುವುದು ನಡಾವಳಿಯಲ್ಲಿ. ಕೋರ್ಟಿಗೆ ಬರಲಾಗದಷ್ಟು ಅಶಕ್ತರಾದರೆ ವೈದ್ಯರ ಸರ್ಟಿಫಿಕೇಟು ಹಚ್ಚಿ, ಕೋರ್ಟ್ ಕಮಿಷನರನ್ನು ನೇಮಿಸಿ ಮನೆಯಲ್ಲೇ ಸಾಕ್ಷಿ ಪಡೆಯಲು ಅರ್ಜಿ ಹಾಕಬಹುದು. ಮಗನಿಗೆ ಮುಖತ್ಯಾರಪತ್ರ ಕೊಟ್ಟರೆ ಓಡಾಟ ತಪ್ಪುತ್ತದೆ. ಆದರೆ 1982ರಲ್ಲಿ ಮಾಲಕ ಏನು ಒಪ್ಪಿದ್ದ ಎಂಬುದಕ್ಕೆ ಆಗ ಐದು ವರ್ಷದವನಾಗಿದ್ದ ಮಗ ಸಾಕ್ಷಿ ಹೇಳಲಾರ, ಅದನ್ನು ನೀವೇ ಹೇಳಬೇಕು. ನೆನಪು ಗಟ್ಟಿ ಇರುವಾಗಲೇ ತಾರೀಖು, ಮೊತ್ತ, ಹೆಸರುಗಳನ್ನು ಬರೆದಿಡಿ. ಇನ್ನು, ತೀರ್ಪಿನ ನಂತರ ಮನೆ ಬಿಡಲು ಎಷ್ಟು ಸಮಯ ಕೊಡಬೇಕು ಎಂಬಲ್ಲಿ ವಯಸ್ಸಿಗೆ ತೂಕ ಬರುತ್ತದೆ.

ಸಮನ್ಸ್ ಬಂತು. ಯಾವ್ಯಾವ ತಾರೀಖು ತಪ್ಪಬಾರದು?

ಸಮನ್ಸ್ ಮುಟ್ಟಿದ 30 ದಿನಕ್ಕೆ ನಿಮ್ಮ ಲಿಖಿತ ಉತ್ತರ, ಕಾರಣ ಕೊಟ್ಟರೆ 90 ದಿನದವರೆಗೆ. ಹಾಜರಾಗದೆ ಏಕಪಕ್ಷೀಯ ತೀರ್ಪು ಬಿದ್ದರೆ ಅದನ್ನು ತೆಗೆಸಲು 30 ದಿನ. ವಕೀಲರಿಗೆ ಫೀ ಕೊಟ್ಟು ಬಂದರೆ ಮುಗಿಯಲಿಲ್ಲ, ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣದ ನಂಬರು ಹಾಕಿ ಮೊಮ್ಮಕ್ಕಳಿಂದ ಪ್ರತಿ ತಾರೀಖು ನೋಡಿಸಿ.

ವಕೀಲರಿಗೆ ಕೊಡಾಕ ರೊಕ್ಕ ಇಲ್ಲ.

ಜಿಲ್ಲಾ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ದೂರವಾಣಿ 15100. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯ ಮಿತಿ ಇದೆ. ಗಂಡಹೆಂಡತಿ ಇಬ್ಬರೂ ಪ್ರತಿವಾದಿಗಳಾಗಿದ್ದರೆ ಅಜ್ಜಿಯ ಹೆಸರಿನಲ್ಲಿ ಅರ್ಜಿ ಹಾಕಿ. ಆಧಾರ್, ಸಮನ್ಸಿನ ಪ್ರತಿ, ನಿಮ್ಮ ಕಡತ ತೆಗೆದುಕೊಂಡು ಹೋಗಿ. ಹಿರಿಯರ ಸಹಾಯವಾಣಿ 14567 ದಾರಿ ತೋರಿಸುತ್ತದೆ, ವಕಾಲತ್ತು ಮಾಡುವುದಿಲ್ಲ.

ಬಾಡಿಗಿ ಮನಿಯವರ ಹೆಸರಿಲೆ ಇತ್ತು, ಅವರು ತೀರಿಕೊಂಡ್ರು. ಈಗ ನಾನು ಬಾಡಿಗಿದಾರಳ ಅಲ್ಲೇನು?

ಬಾಡಿಗೆ ಕಾಯ್ದೆಯ 5ನೇ ಕಲಮಿನಂತೆ ತೀರಿಕೊಂಡವರ ಜೊತೆ ಕೊನೆಯವರೆಗೂ ಅದೇ ಮನೆಯಲ್ಲಿದ್ದ ಹೆಂಡತಿಗೆ ಮೊದಲ ಹಕ್ಕು. ಆಮೇಲೆ ಮಕ್ಕಳು, ತಂದೆತಾಯಿ, ವಿಧವೆ ಸೊಸೆ. ಆದರೆ ಈ ಹಕ್ಕು ಸಾವಿನ ದಿನದಿಂದ 5 ವರ್ಷ ಮಾತ್ರ. ಬೇರೆ ಊರಲ್ಲಿರುವ ಮಗ ‘ಅಪ್ಪನ ಬಾಡಿಗಿ ನಂದು’ ಎಂದರೆ ನಡೆಯುವುದಿಲ್ಲ. ಕಾಯ್ದೆಯ ಹೊರಗಿನ ಮನೆಯಲ್ಲಿ ಬಾಡಿಗೆ ಎಲ್ಲ ವಾರಸುದಾರರಿಗೂ ಒಟ್ಟಾಗಿ ಹೋಗುತ್ತದೆ, ಒಬ್ಬರಿಗೆ ಮುಟ್ಟಿದ ನೋಟಿಸು ಎಲ್ಲರಿಗೂ ಮುಟ್ಟಿದಂತೆ. ಹದಿಮೂರನೆಯ ದಿನ ಮುಗಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಮರಣಪತ್ರದ ನಕಲು ಇಟ್ಟು ಮಾಲಕನಿಗೆ ಪತ್ರ ಬರೆದು, ಮುಂದಿನ ಬಾಡಿಗೆಯನ್ನು ನಿಮ್ಮ ಖಾತೆಯಿಂದ ಕಳಿಸುವುದು.

ನಮ್ಮದು ಕ್ಯಾಂಪ್ ಭಾಗ. ನಮ್ಮ ಅಕ್ಕನದು ಪಾಲಿಕೆ ಕ್ವಾರ್ಟರ್ಸ್. ಇದೇ ಕಾನೂನೇನು?

ಅಲ್ಲ. ಸರಕಾರ, ಸ್ಥಳೀಯ ಸಂಸ್ಥೆಗಳ ಕಟ್ಟಡಕ್ಕೆ ಬಾಡಿಗೆ ಕಾಯ್ದೆ ಇಲ್ಲ. ಪಾಲಿಕೆಯದಾದರೆ ರಾಜ್ಯದ 1974ರ ಸಾರ್ವಜನಿಕ ಕಟ್ಟಡಗಳ ಕಾಯ್ದೆ, ಕ್ಯಾಂಪಿನ, ಅಂದರೆ ಕಂಟೋನ್ಮೆಂಟಿನ, ಸರಕಾರಿ ಜಾಗವಾದರೆ ಕೇಂದ್ರದ 1971ರ ಕಾಯ್ದೆ. ಅಲ್ಲಿ ಸಿವಿಲ್ ಕೋರ್ಟಿನ ಬದಲು ಅಧಿಕಾರಿಯೇ ವಿಚಾರಣೆ ಮಾಡಿ ಆದೇಶ ಹೊರಡಿಸುತ್ತಾನೆ, ಎಲ್ಲ ಬೇಗ ಬೇಗ. ಕೇಂದ್ರ ಕಾಯ್ದೆಯಡಿ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಹಾಕಲು ಸಿಗುವುದು 12 ದಿನ. ಶೋಕಾಸ್ ನೋಟಿಸು ಬಂದ ದಿನವೇ ವಕೀಲರ ಬಳಿ ಹೋಗಿ. ಕ್ಯಾಂಪಿನಲ್ಲಿ ಖಾಸಗಿ ಬಂಗಲೆಯವರಿಂದ ಬಾಡಿಗೆಗೆ ಪಡೆದಿದ್ದರೆ ನಿಮ್ಮ ಲೆಕ್ಕ ಬೇರೆ, ಕಾಗದ ನೋಡಿಯೇ ಹೇಳಬೇಕು.

ಸೋತೀವಿ. ನಾಳೆನ ಹೊರಗ ಹಾಕ್ತಾರೇನು?

ನಾಳೆಯೇ ಅಲ್ಲ. ಸಾಮಾನ್ಯ ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ 30 ದಿನದಲ್ಲಿ ಮೇಲ್ಮನವಿ. ಹೈಕೋರ್ಟಿನ ಹಂತ ಬಂದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಪ್ರತಿ ತಯಾರಾಗಲು ಹಿಡಿದ ದಿನಗಳು ಗಡುವಿನಿಂದ ಕಳೆಯುತ್ತವೆ. ಅಪೀಲು ಹಾಕಿದ್ದೇ ತಡೆಯಾಜ್ಞೆ ಎಂದು ತಿಳಿಯಬೇಡಿ. ತಡೆಗೆ ಬೇರೆ ಅರ್ಜಿ ಬೇಕು, ಅದು ಮಂಜೂರಾಗುವ ತನಕ ಬೇಲಿಫ್ ಬರಬಹುದು. ಅಪೀಲಿನಲ್ಲಿ ತಿರುಳಿಲ್ಲ ಎಂದು ನಿಮ್ಮ ವಕೀಲರೇ ಹೇಳಿದರೆ ಸಮಯ ಕೇಳಿ. ಇಂಥ ದಿನ ಬಿಡುತ್ತೇವೆ, ಅಲ್ಲಿಯವರೆಗೆ ಬಾಡಿಗೆ ಕಟ್ಟುತ್ತೇವೆ, ಬೇರೆಯವರನ್ನು ಒಳಗೆ ಬಿಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಕೋರ್ಟುಗಳು ಹಲವು ತಿಂಗಳು ಕೊಡುವುದುಂಟು. ಆ ಮುಚ್ಚಳಿಕೆ ಮುರಿದರೆ ನ್ಯಾಯಾಂಗ ನಿಂದನೆ.

## ಮಾತುಕತೆ, ಸ್ಥಳಾಂತರ

ಬಿಡಾಕ ರೊಕ್ಕ ಕೊಡ್ತೀನಿ ಅಂತಾನ ಬಿಲ್ಡರ್. ಎಷ್ಟ ಕೇಳೂದು?

ಕಾನೂನಿನಲ್ಲಿ ದರಪಟ್ಟಿ ಇಲ್ಲ. ಅವನು ಕೊಳ್ಳುತ್ತಿರುವುದು ನಿಮ್ಮ ಹಕ್ಕನ್ನಲ್ಲ, ಕೋರ್ಟಿನಲ್ಲಿ ಹೋಗುವ ವರ್ಷಗಳನ್ನು. ದಾವೆ ಹಾಕುವ ಮುಂಚೆ ಅದಕ್ಕೆ ಬೆಲೆ ಹೆಚ್ಚು, ತೀರ್ಪು ಹತ್ತಿರವಾದಂತೆ ಇಳಿಯುತ್ತದೆ.

ನಿಮ್ಮ ಕಡೆಯ ಲೆಕ್ಕ ಹೀಗೆ ಕಟ್ಟಿ. ಈಗಿನ ಬಾಡಿಗೆ ₹400, ಅದೇ ಭಾಗದಲ್ಲಿ ನೆಲಮಹಡಿಯ ಎರಡು ಖೋಲಿಗೆ ₹6,500 ಎಂದಿಟ್ಟುಕೊಳ್ಳಿ. ವ್ಯತ್ಯಾಸ ₹6,100. ಮೂರು ವರ್ಷ ಅಂದರೆ 36 ತಿಂಗಳಿಗೆ ₹2,19,600. ಇದರ ಮೇಲೆ ಸಾಮಾನು ಸಾಗಿಸುವ ಖರ್ಚು, ಹೊಸ ಮನೆಯ ಡಿಪಾಜಿಟ್, ಕಮೋಡು ಹಿಡಿಕೆ ಹಾಕಿಸುವ ಖರ್ಚು, ಹಳೆಯ ಡಿಪಾಜಿಟ್ ವಾಪಸು. ಇದು ನೆಲ, ಇದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕುತ್ತೀರಿ. ಮಾತು ಇಲ್ಲಿಂದ ಮೇಲೆ ಶುರುವಾಗಲಿ. ಒಂದೇ ವಾಡೆಯಲ್ಲಿ ಆರು ಕುಟುಂಬ ಇದ್ದರೆ ಒಟ್ಟಿಗೆ ಕೂತು ಮಾತಾಡಿ. ಮೊದಲು ಒಪ್ಪಿದವರಿಗೆ ಕಡಿಮೆ, ಕೊನೆಯವರಿಗೆ ಹೆಚ್ಚು ಎಂಬ ಆಸೆ ತೋರಿಸಿ ಒಡೆಯುವುದು ಅವರ ಹಳೆ ವಿದ್ಯೆ.

ಹಣ ಮತ್ತು ಕೀಲಿ ಒಂದೇ ಗಳಿಗೆಗೆ ಕೈ ಬದಲಾಗಬೇಕು. ‘ಅರ್ಧ ಈಗ, ಅರ್ಧ ಕೆಡವಿದ ಮ್ಯಾಲ’ ಎಂಬುದರಲ್ಲಿ ಎರಡನೆಯ ಅರ್ಧ ಬರುವುದಿಲ್ಲ. ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್ ಪಡೆಯಿರಿ, ಚೆಕ್ಕಾದರೆ ಹಣ ಜಮಾ ಆದ ಮೇಲೆ ಕೀಲಿ. ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿ ಬರೆಸಿ, ಅದು ಸಿವಿಲ್ ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿ ಇಲ್ಲ. ಬಾಡಿಗೆ ಹಕ್ಕು ಬಿಟ್ಟುಕೊಟ್ಟು ಪಡೆದ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಬೀಳಬಹುದು, ದೊಡ್ಡ ಮೊತ್ತವಾದರೆ ಸಿಎ ಒಬ್ಬರನ್ನು ಕೇಳಿ.

‘ಹೊಸ ಬಿಲ್ಡಿಂಗನ್ಯಾಗ ನಿಮಗೂ ಒಂದ ಖೋಲಿ’ ಅಂತಾನ. ನಂಬಬಹುದೇನು?

ನೋಂದಣಿಯಾದ ಕರಾರಿನಲ್ಲಿ ಇದ್ದರೆ ನಂಬಿ, ₹100ರ ಸ್ಟಾಂಪ್ ಪೇಪರಿನಲ್ಲಿದ್ದರೆ ಬೇಡ. ಕರಾರಿಗೆ ಬಿಲ್ಡರ್ ಮಾತ್ರವಲ್ಲ, ಜಾಗದ ಮಾಲಕನೂ ಸಹಿ ಹಾಕಬೇಕು. ಯಾವ ಮಹಡಿ, ಗೋಡೆಯೊಳಗಿನ ಜಾಗ (ಕಾರ್ಪೆಟ್ ಏರಿಯಾ) ಎಷ್ಟು ಚದರ ಅಡಿ, ಮಾಲಕತ್ವವೋ ಬಾಡಿಗೆಯೋ, ಎಷ್ಟು ತಿಂಗಳಲ್ಲಿ, ತಡವಾದರೆ ತಿಂಗಳಿಗೆ ಎಷ್ಟು, ಅಲ್ಲಿಯವರೆಗಿನ ಹೊರಗಿನ ಬಾಡಿಗೆ ಯಾರದು ಎಂಬುದೆಲ್ಲ ಬರೆದಿರಲಿ. ಜಾಗ 500 ಚದರ ಮೀಟರಿಗಿಂತ ಹೆಚ್ಚು ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಕಡ್ಡಾಯ, ನಂಬರು ಕೇಳಿ. ಮತ್ತೊಂದು ಮಾತು: 80 ವರ್ಷದವರಿಗೆ ಮೂರು ವರ್ಷದ ನಂತರದ ಮೂರನೆಯ ಮಹಡಿಗಿಂತ ಇವತ್ತಿನ ಹಣ ಮೇಲು. ಖೋಲಿಯೇ ಬೇಕೆಂದರೆ ‘ನನ್ನ ನಂತರ ಹೆಂಡತಿಗೆ’ ಎಂಬ ಸಾಲು ಮರೆಯಬೇಡಿ.

ಮುದುಕರು ಅಂದ್ರ ಯಾರೂ ಮನಿ ಕೊಡವಲ್ರು. ಹುಡುಕೂದು ಹ್ಯಾಂಗ?

ಮಾಲಕರ ಹೆದರಿಕೆ ಎರಡು: ಬಾಡಿಗೆ ನಿಂತರೆ? ಆಸ್ಪತ್ರೆಗೆ ಯಾರು? ಎರಡಕ್ಕೂ ಮೊದಲೇ ಉತ್ತರ ಇಟ್ಟುಕೊಂಡು ಹೋಗಿ. ಪೆನ್ಶನ್ ಪಾಸ್‌ಬುಕ್ಕಿನ ಪ್ರತಿ, ಮಗ ಅಥವಾ ಮಗಳ ಫೋನ್ ನಂಬರು, ಅವರೂ ಕರಾರಿಗೆ ಸಹಿ ಹಾಕುತ್ತಾರೆ ಎಂಬ ಮಾತು. ಬಾಡಿಗೆ ಅಗ್ಗ ಎಂದು ಊರ ಹೊರಗಿನ ಬಡಾವಣೆಗೆ ಹೋಗುವ ಮುಂಚೆ ಒಂದು ದಿನ ಅಲ್ಲೇ ಕಳೆದು ನೋಡಿ: ಔಷಧ ಅಂಗಡಿ, ಹಾಲು, ಸಿಟಿ ಬಸ್ಸು, ದೇವಸ್ಥಾನ ಅಥವಾ ಮಸೀದಿ, ಮಾತಾಡಲು ಕಟ್ಟೆ. ನೆಲಮಹಡಿ, ಮನೆಯೊಳಗೇ ಶೌಚಾಲಯ, ಹೊಸ್ತಿಲಿನ ಎತ್ತರ ಇವನ್ನು ಬಾಡಿಗೆಗಿಂತ ಮೊದಲು ನೋಡಿ. ಸ್ಥಳಾಂತರವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ.

ಅಡ್ರೆಸ್ ಬದಲಾದ್ರ ಸಂಧ್ಯಾ ಸುರಕ್ಷಾ, ರೇಷನ್ ನಿಲ್ಲತೈತೇನು?

ತಾನಾಗಿ ನಿಲ್ಲುವುದಿಲ್ಲ, ನಿರ್ಲಕ್ಷಿಸಿದರೆ ನಿಲ್ಲುತ್ತದೆ. ಪಿಂಚಣಿ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಬರುವುದರಿಂದ ಖಾತೆ ಬದಲಿಸಬೇಡಿ. ಆದರೆ ಪರಿಶೀಲನೆಗೆ ಬಂದವರಿಗೆ ಹಳೆ ವಿಳಾಸದಲ್ಲಿ ಬರೀ ಪಾಯ ತೋಡಿದ ಗುಂಡಿ ಕಂಡರೆ ‘ಫಲಾನುಭವಿ ಇಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಮೊದಲು ಹೊಸ ಬಾಡಿಗೆ ಕರಾರು, ಅದರಿಂದ ಆಧಾರ್ ವಿಳಾಸ, ಅದರಿಂದ ರೇಷನ್ ಕಾರ್ಡು, ಪಿಂಚಣಿ, ಗ್ಯಾಸು. ಈ ಸರಣಿ ತಿರುಗಿಸಿದರೆ ಪ್ರತಿ ಕೌಂಟರಿನಿಂದಲೂ ವಾಪಸ್ ಬರುತ್ತೀರಿ. ರೇಷನ್ನು ಮಾತ್ರ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಒತ್ತಿ ಪಡೆಯಬಹುದು, ಅದಕ್ಕೆ ಕಾಯಬೇಕಿಲ್ಲ. ಮತದಾರರ ಪಟ್ಟಿಗೆ ಫಾರ್ಮ್ 8. ಗೃಹಜ್ಯೋತಿಯನ್ನು ಹಳೆ ಆರ್‌ಆರ್ ನಂಬರಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸಬೇಕು, ಹಳೆ ಮನೆಯ ಪ್ರಕರಣ ಇನ್ನೂ ನಡೆಯುತ್ತಿದ್ದರೆ ಬಿಡಿಸುವ ಮುಂಚೆ ವಕೀಲರನ್ನು ಕೇಳಿ. ನವೆಂಬರಿನಲ್ಲಿ ನೌಕರಿ ಪೆನ್ಶನ್ನಿನ ಜೀವಿತ ಪ್ರಮಾಣಪತ್ರಕ್ಕೆ ಹಳೆ ಬ್ಯಾಂಕ್ ಶಾಖೆಯವರೆಗೆ ಹೋಗಬೇಕಿಲ್ಲ, ಪೋಸ್ಟಮನ್ ಮನೆಗೇ ಬಂದು ಮಾಡಿಕೊಡುತ್ತಾನೆ. ಹೊಸ ವಿಳಾಸವನ್ನು ಹಳೆ ಓಣಿಯ ಪೋಸ್ಟಮನ್‌ನಿಗೂ ಬರೆದು ಕೊಟ್ಟು ಬನ್ನಿ, ಕೋರ್ಟಿನ ಕಾಗದಗಳು ಇನ್ನೂ ಒಂದೆರಡು ವರ್ಷ ಅಲ್ಲಿಗೇ ಬರುತ್ತಿರುತ್ತವೆ.